ಮೊದಲು ಮಗಳನ್ನು ಕೇಳಿರಿ

ಮಕ್ಕಳ ಹಿತವನ್ನು ಹೆತ್ತವರಿಗಿಂತ ಚೆನ್ನಾಗಿ ಬಲ್ಲವರಿಲ್ಲ ಎಂಬುದು ಲೋಕದ ಮಾತು. ಹಿತವನ್ನು ಬಲ್ಲವರೆಲ್ಲರೂ ನೋವನ್ನೂ ಬಲ್ಲರೇ ಎಂಬುದು ಬೇರೆಯೇ ಪ್ರಶ್ನೆ.

ಮುಳಬಾಗಿಲಿನ ಶ್ರಾವಕರೊಬ್ಬರಿಗೆ ಈ ಪ್ರಶ್ನೆ ಎದುರಾದದ್ದು ಕೋಲಾರದ ಆಸ್ಪತ್ರೆಯೊಂದರಲ್ಲಿ. ಅವರದು ಬಟ್ಟೆ ವ್ಯಾಪಾರ. 15 ವರ್ಷದ ಮಗಳು 800 ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲಿಗಳಾಗಿ ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಸಿದ್ಧಳಾಗುತ್ತಿದ್ದಳು. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ನೋವು; ಊರಿನಲ್ಲಿ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಂಡಿರಲಿಲ್ಲ.

ಸರದಿಯ ಬೆಂಚಿನ ಮೇಲೆ ಇನ್ನಿಬ್ಬರು ಪೋಷಕರಿದ್ದರು. ಮಾಲೂರಿನಿಂದ ಮಗನನ್ನು ಕರೆತಂದಿದ್ದ ತಂದೆಗೆ, ಒಂದು ಇಂಜೆಕ್ಷನ್ನಿನಿಂದ ಹುಡುಗ ಕಬಡ್ಡಿ ಪಂದ್ಯಕ್ಕೆ ನಿಂತರೆ ಸಾಕಾಗಿತ್ತು. ಶ್ರೀನಿವಾಸಪುರದ ತಾಯಿಗೆ, ಹೆಣ್ಣುಮಗುವಿಗೆ ಆಟ ಸಾಕೆಂದು ವೈದ್ಯರ ಬಾಯಿಂದಲೇ ಹೇಳಿಸಬೇಕಾಗಿತ್ತು. ಎಲ್ಲರೂ ಮಕ್ಕಳನ್ನು ಪ್ರೀತಿಸುವವರೇ. ಮಾತಿಲ್ಲದೆ ಕುಳಿತಿದ್ದವರು ಮಕ್ಕಳು ಮಾತ್ರ.

ಒಳಗೆ ವೈದ್ಯೆ ಮಗಳನ್ನು ಕೇಳಿದರು. ಉತ್ತರ ತಂದೆಯಿಂದ ಬಂತು. ಮತ್ತೆ ಕೇಳಿದಾಗಲೂ ಹಾಗೆಯೇ ಆಯಿತು. ಆಗ ವೈದ್ಯೆ, ತಾಯಿಯನ್ನು ಮಗಳ ಜೊತೆ ಉಳಿಸಿಕೊಂಡು, ತಂದೆಯವರು ಸ್ವಲ್ಪ ಹೊತ್ತು ಹೊರಗಿರಬೇಕೆಂದು ವಿನಯದಿಂದಲೇ ಕೋರಿದರು. ಮಗಳ ವಿಷಯದಲ್ಲಿ ತಾನೇ ಹೊರಗಿನವನಾದೆನೆ ಎಂದು ಅವರ ಮನಸ್ಸು ನೊಂದಿತು.

ಒಳಗೆ ತಿಳಿದುಬಂದದ್ದು ಇಷ್ಟು. ಹಿಂದಿನ ಚಾತುರ್ಮಾಸ್ಯದಲ್ಲಿ ಮಗಳು ಅಜ್ಜಿಯೊಡನೆ ರಾತ್ರಿಭೋಜನ ತ್ಯಾಗದ ನಿಯಮ ಹಿಡಿದಿದ್ದಳು. ಓಟದ ಅಭ್ಯಾಸ ಸಂಜೆ. ಮನೆ ಸೇರುವಷ್ಟರಲ್ಲಿ ಸೂರ್ಯಾಸ್ತ. ಮಧ್ಯಾಹ್ನದ ಬುತ್ತಿಯ ನಂತರ ಮರುದಿನ ಬೆಳಿಗ್ಗೆಯೇ ಊಟ. ನಾಲ್ಕು ತಿಂಗಳಿಂದ ಮುಟ್ಟು ನಿಂತಿತ್ತು. ರಾತ್ರಿ ಮಲಗಿದಾಗಲೂ ಕಾಲು ನೋಯುತ್ತಿತ್ತು. ಹೇಳಿದರೆ ಓಟವನ್ನು ಬಿಡಿಸುವರು, ಇಲ್ಲವೆ ನಿಯಮವನ್ನು ಬಿಡಿಸುವರು ಎಂಬ ಭಯದಿಂದ ಯಾರಿಗೂ ತಿಳಿಸಿರಲಿಲ್ಲ.

ವ್ಯಯವಾಗುವಷ್ಟು ಶಕ್ತಿ ಆಹಾರದಿಂದ ದೊರೆಯದಿದ್ದರೆ ಬೆಳೆಯುವ ಹುಡುಗಿಯ ಮುಟ್ಟು ನಿಲ್ಲುತ್ತದೆ, ಮೂಳೆ ದುರ್ಬಲವಾಗುತ್ತದೆ, ಕೊನೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಮೂಡುತ್ತದೆ. ಆರಂಭದ ವಾರಗಳಲ್ಲಿ ಅದು ಎಕ್ಸ್‌ರೇಗೆ ಸಿಗದಿರುವುದು ಸಾಮಾನ್ಯ. ಇಂಥ ಆಹಾರದ ಕೊರತೆ ಗಂಡುಮಕ್ಕಳನ್ನೂ ಬಾಧಿಸುತ್ತದೆಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಎಚ್ಚರಿಸಿತು. ಯಂತ್ರ ಕಾಣದ್ದನ್ನು ಇಲ್ಲಿ ಬಾಲಕಿಯ ಮಾತು ಕಾಣಿಸಿತ್ತು.

ಒಳಗೆ ಕರೆಸಿಕೊಂಡಾಗ, ಎರಡರಲ್ಲಿ ಒಂದನ್ನು ಬಿಡಬೇಕೆಂಬ ಆಜ್ಞೆಗೆ ತಂದೆ ಸಿದ್ಧರಾಗಿದ್ದರು. ವೈದ್ಯೆ ಮಗಳನ್ನೇ ಕೇಳಿದರು: "ನಿನಗೇನು ಬೇಕಮ್ಮಾ?"

"ಎರಡೂ ಬೇಕು."

ದಾರಿ ಸಿಕ್ಕಿತು. ಎಂಟು ವಾರ ಓಟವಿಲ್ಲ. ಆಮೇಲೆ ಅಭ್ಯಾಸ ಬೆಳಗಿನ ಹೊತ್ತು. ಶಾಲೆ ಬಿಟ್ಟೊಡನೆ, ಹೊತ್ತು ಮುಳುಗುವ ಮುನ್ನ, ರಾಗಿ, ಬೇಳೆ, ಹಾಲು, ಕಡಲೆಕಾಯಿ ಸೇರಿದ ತುಂಬು ಊಟ. ಮುಟ್ಟು ಮರಳುವವರೆಗೂ ತಪಾಸಣೆ. ಆ ವರ್ಷದ ಜಿಲ್ಲಾ ಕ್ರೀಡಾಕೂಟ ಕೈತಪ್ಪಿತು. ಮಗಳು ಅತ್ತಳು, ಆದರೆ ಆ ನಷ್ಟವನ್ನು ಅವಳು ತಿಳಿದು ಒಪ್ಪಿಕೊಂಡಿದ್ದಳು.

ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ವಯಸ್ಸು, ಪ್ರಬುದ್ಧತೆಗೆ ತಕ್ಕಂತೆ ಅದರ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಅಂಗೀಕರಿಸಿತು. ಇದರಿಂದ ಹೆತ್ತವರ ಹೊಣೆ ಕಡಿಮೆಯಾಗದು. ಒಪ್ಪಿಗೆಯ ಪತ್ರಕ್ಕೆ ಸಹಿ ಅವರದೇ. ಸಹಿಗೆ ಮುನ್ನ ಕೇಳಬೇಕಾದ ಮಾತು ಮಗುವಿನದು.

ಎಂಟು ವಾರ ಕಳೆದು ಅದೇ ಕೊಠಡಿಯಲ್ಲಿ ವೈದ್ಯೆ "ನೋವು ಹೇಗಿದೆ?" ಎಂದಾಗ, ಉತ್ತರಿಸಲು ಹೊರಟ ತಂದೆ ತಡೆದು ಮಗಳ ಮುಖ ನೋಡಿದರು. ಅನೇಕಾಂತವನ್ನು ಪ್ರವಚನದಲ್ಲಿ ಕೇಳುವುದು ಸುಲಭ. ಸ್ವಂತ ಮಗುವಿನ ದೃಷ್ಟಿಗೆ ಎಡೆಗೊಟ್ಟು ಸುಮ್ಮನಿರುವುದು ಅದರ ಕಠಿಣವಾದ ಆಚರಣೆ.