ಹೃದಯದ ಹಿಂಬದಿ

ಆಗ್ಮೆಂಟೆಡ್ ರಿಯಾಲಿಟಿ ಎಂಬ ಮಾತು ಹುಟ್ಟಿದ್ದು ಶಾಲೆಯಲ್ಲಲ್ಲ, ವಿಮಾನ ಕಟ್ಟುವವರ ನಡುವೆ. ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ 1992ರಲ್ಲಿ ಪ್ರಕಟಿಸಿದ ಪ್ರಬಂಧದ ಯೋಚನೆ ಸರಳ. ಯಾವ ತಂತಿ ಎಲ್ಲಿ ಹಾದುಹೋಗಬೇಕೆಂಬ ನಕ್ಷೆ ಕೆಲಸಗಾರನ ಕಣ್ಣಿಗೆ ಎದುರಿನ ಹಲಗೆಯ ಮೇಲೆಯೇ ಕಾಣಬೇಕು. ಅದಕ್ಕಾಗಿ ಅವನು ಕೈಕೆಲಸ ಬಿಟ್ಟು ಕಾಗದ ತಿರುವಬಾರದು. ಕೈಗಳಿಗೆಂದು ಹುಟ್ಟಿದ ಈ ತಂತ್ರಜ್ಞಾನ ಶಾಲೆಗೆ ಬರುವಷ್ಟರಲ್ಲಿ ಕಣ್ಣಿನ ಹಬ್ಬವಾಗಿ ಮುಗಿದುಹೋಗುತ್ತದೆ. ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ನನ್ನ ತಕರಾರು ಇಷ್ಟೇ.

ಕ್ಷೇತ್ರಕಾರ್ಯಕ್ಕೆಂದು ಹಳ್ಳಿಯೊಂದರ ಪ್ರೌಢಶಾಲೆಗೆ ಹೋಗಿದ್ದೆ. 42 ಮಕ್ಕಳು, ಒಂದು ಫೋನು, 45 ನಿಮಿಷದ ಪೀರಿಯಡ್ಡು. ಕ್ಯಾಮೆರಾ ಹಿಡಿದರೆ ಮೇಜಿನ ಮೇಲೆ ಮಿಡಿಯುವ ಹೃದಯ. ಫೋನು ಕೈಯಿಂದ ಕೈಗೆ ಓಡಿತು, ಎಲ್ಲರೂ ಬಾಯಿ ಬಿಟ್ಟು ನೋಡಿದರು. ಕೊನೆಯ ಸಾಲಿನ ಹುಡುಗಿಯೊಬ್ಬಳು ಮಾತ್ರ ಪುಸ್ತಕ ತೆರೆದು ಕೇಳಿದಳು: "ಚಿತ್ರದಲ್ಲಿ ಬಲಗಡೆ ಇರೋದಕ್ಕೆ ಎಡ ಹೃತ್ಕರ್ಣ ಅಂತ ಯಾಕೆ ಬರೆದಿದ್ದಾರೆ ಮೇಡಂ?"

ಪುಸ್ತಕದ ಹೃದಯ ನಮಗೆ ಮುಖ ಮಾಡಿ ನಿಂತವರದು. ಅವರ ಎಡ ನಮಗೆ ಬಲ. ಹಾಗೆಂದು ನಾನು ಹೇಳಿಬಿಡಬಹುದಿತ್ತು. ಬದಲಿಗೆ ಫೋನು ಅವಳ ಕೈಗೆ ಕೊಟ್ಟು, ಮೇಜಿನ ಆಚೆ ಬದಿಗೆ ಹೋಗಿ ನೋಡು ಎಂದೆ. ಅವಳು ಮೆಲ್ಲಗೆ ಸುತ್ತು ಹಾಕಿ ಹೃದಯದ ಬೆನ್ನಿಗೆ ಬಂದಳು. ಒಂದು ಕ್ಷಣ ನಿಂತು, ತನ್ನದೇ ಎದೆಯ ಮೇಲೆ ಅಂಗೈ ಇಟ್ಟುಕೊಂಡು, "ಈಗ ಸರಿಹೋಯ್ತು" ಎಂದಳು. ಕಾಗದದ ಚಿತ್ರದ ಹಿಂದೆ ಹೋಗಿ ನಿಲ್ಲಲು ಆಗುವುದಿಲ್ಲ. ಎಆರ್ ಕೊಡಬಲ್ಲದ್ದು ಇದನ್ನು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದ 41 ಮಕ್ಕಳು ಹೃದಯದ ಹಿಂಬದಿ ನೋಡಲಿಲ್ಲ. ಆಮೇಲೆ ಹಂಚಿದ ಪ್ರಶ್ನಾವಳಿಯಲ್ಲಿ "ಪಾಠ ಇಷ್ಟವಾಯಿತೇ?" ಎಂಬುದಕ್ಕೆ 42 ಮಂದಿಯೂ ಹೌದು ಎಂದು ಗುರುತು ಹಾಕಿದ್ದರು. ಆ ಹುಡುಗಿಯ ಹೌದಿಗೂ ಮಿಕ್ಕವರ ಹೌದಿಗೂ ಇರುವ ಅಂತರವನ್ನು ಯಾವ ಕೋಷ್ಟಕವೂ ತೋರಿಸುವುದಿಲ್ಲ.

ಈ ಅಂತರವನ್ನು ಚೆನ್ನಾಗಿ ಅರಿತವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು. ಅವರು ರೂಪಿಸಿದ ಎಆರ್ ಮರಳುಪೆಟ್ಟಿಗೆಯಲ್ಲಿ ಇರುವುದು ನಿಜವಾದ ಮರಳು. ಮೇಲೊಂದು ಕಿನೆಕ್ಟ್ ಕ್ಯಾಮೆರಾ, ಒಂದು ಪ್ರೊಜೆಕ್ಟರ್. ಮಗು ಮರಳನ್ನು ಗುಡ್ಡೆ ಹಾಕಿದಂತೆಲ್ಲ ಅದರ ಮೇಲೆ ಸಮೋನ್ನತಿ ರೇಖೆಗಳು ಮೂಡುತ್ತವೆ. ಇಳಿಜಾರು ಕಡಿದಾದಲ್ಲಿ ರೇಖೆಗಳು ಒತ್ತೊತ್ತಾಗುತ್ತವೆ. ಅಂಗೈ ಚಾಚಿದರೆ ಮಳೆ ಬಂದು ನೀರು ತಗ್ಗಿಗೆ ಹರಿಯುತ್ತದೆ. ಭೂಗೋಳದಲ್ಲಿ ನಾವು ಬಾಯಿಪಾಠ ಮಾಡಿದ್ದನ್ನು ಅಲ್ಲಿ ಕೈಗಳೇ ಕಂಡುಕೊಳ್ಳುತ್ತವೆ. ಪೆಟ್ಟಿಗೆಯ ಸುತ್ತ ನಾಲ್ಕಾರು ಮಕ್ಕಳು ಒಟ್ಟಿಗೆ ನಿಲ್ಲಬಹುದು ಎಂಬುದೂ ಸಣ್ಣ ಮಾತಲ್ಲ.

ಶಾಲೆಗೆ ಹೊಸ ಉಪಕರಣ ಬಂದಾಗ ಅದು ಏನೇನು ತೋರಿಸುತ್ತದೆ ಎಂದು ಕೇಳುವವರು ಬಹಳ. ಅದು ಒಂದು ಮಗುವಿನ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ, ಆ ಹೊತ್ತಿನಲ್ಲಿ ಮಗು ಏನು ಮಾಡಬಹುದು ಎಂದು ಕೇಳುವವರು ಕಡಿಮೆ. ನನ್ನ ಮಹಾಪ್ರಬಂಧ ಈ ಎರಡನೆಯ ಪ್ರಶ್ನೆಯನ್ನೇ ಹಿಡಿದು ಹೊರಟಿದೆ.