ವಿನ್ನಿಪೆಗ್ ಕೈಬಿಡದ ಫ್ಯಾಂಟಮ್

‘ಫ್ಯಾಂಟಮ್ ಆಫ್ ದ ಪ್ಯಾರಡೈಸ್’ ನೋಡಿದವರನ್ನು ಹೇಗಿದೆ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಸಿಗುವುದು ಅಪರೂಪ. ಒಬ್ಬರು ಅರ್ಧಕ್ಕೇ ಎದ್ದು ಬಂದೆ ಅನ್ನುತ್ತಾರೆ. ಇನ್ನೊಬ್ಬರು ಅದರ ಹಾಡು ಗುನುಗತೊಡಗುತ್ತಾರೆ. ಬ್ರಯಾನ್ ಡಿ ಪಾಲ್ಮಾ 1974ರಲ್ಲಿ ತೆಗೆದ ಈ ಚಿತ್ರ ಏಕಕಾಲಕ್ಕೆ ಭೂತದ ಕತೆ, ರಾಕ್ ಸಂಗೀತ ನಾಟಕ, ಸಂಗೀತ ವ್ಯಾಪಾರದ ವಿಡಂಬನೆ. ಒಪ್ಪದವರ ದೂರೂ ಅದೇ: ಹೆದರಿಸಬೇಕಾದಲ್ಲಿ ನಗಿಸುತ್ತದೆ, ನಗುತ್ತಿರುವಾಗ ಯಾರೋ ಸಾಯುತ್ತಾರೆ. ನನಗೆ ಈ ಚಿತ್ರ ಹಿಡಿಸಿದ್ದು ಸರಿಯಾಗಿ ಅದೇ ಕಾರಣಕ್ಕೆ.

ವಿನ್ಸ್ಲೋ ಲೀಚ್ ಎಂಬ ಬಡ ಸಂಗೀತಗಾರ ಫೌಸ್ಟನ ಕತೆಯನ್ನು ಹಾಡುಗಳಾಗಿ ಕಟ್ಟುತ್ತಾನೆ. ಸ್ವಾನ್ ಎಂಬ ರೆಕಾರ್ಡ್ ಕಂಪನಿಯ ಧಣಿ ಅದನ್ನು ಕದ್ದು, ಸುಳ್ಳು ಆರೋಪ ಹೊರಿಸಿ ಅವನನ್ನೇ ಜೈಲಿಗೆ ತಳ್ಳುತ್ತಾನೆ. ತಪ್ಪಿಸಿಕೊಂಡು ಬಂದ ವಿನ್ಸ್ಲೋ ರೆಕಾರ್ಡ್ ಒತ್ತುವ ಯಂತ್ರಕ್ಕೆ ತಲೆ ಸಿಕ್ಕಿ ಮುಖವನ್ನೂ ದನಿಯನ್ನೂ ಕಳೆದುಕೊಳ್ಳುತ್ತಾನೆ. ಆಮೇಲೆ ಹಕ್ಕಿಮೋರೆಯ ಬೆಳ್ಳಿ ಬಣ್ಣದ ಮುಖವಾಡ ತೊಟ್ಟು, ಸ್ವಾನ್ ಕಟ್ಟಿಸಿದ ಪ್ಯಾರಡೈಸ್ ರಂಗಮಂದಿರದಲ್ಲಿ ಸೇಡಿಗಾಗಿ ಅಲೆಯುತ್ತಾನೆ.

ನನ್ನನ್ನು ಬಿಡದೆ ಕಾಡುವುದು ಸ್ಟುಡಿಯೋದ ದೃಶ್ಯ. ದನಿ ಹೋದ ವಿನ್ಸ್ಲೋ ಹಾಡಲು ಯತ್ನಿಸಿದರೆ ಬರೀ ಗೊಗ್ಗರು ಸದ್ದು. ಸ್ವಾನ್ ಯಂತ್ರದ ಗುಂಡಿಗಳನ್ನು ಒಂದೊಂದಾಗಿ ತಿರುಗಿಸುತ್ತಾನೆ. ಗೊಗ್ಗರು ತಿಳಿಯಾಗುತ್ತ ತಿಳಿಯಾಗುತ್ತ ಕೊನೆಗೆ ಇಂಪಾದ ಕಂಠವಾಗುತ್ತದೆ. ಆ ಕಂಠ ಪಾಲ್ ವಿಲಿಯಮ್ಸ್ ಅವರದು. ಚಿತ್ರದ ಹಾಡುಗಳನ್ನೆಲ್ಲ ಬರೆದವರು ಅವರೇ, ಸ್ವಾನ್ ಪಾತ್ರ ಮಾಡಿದವರೂ ಅವರೇ. ಅಂದರೆ, ದೋಚಿಸಿಕೊಂಡವನ ಬಾಯಿಂದ ದೋಚಿದವನ ದನಿಯೇ ಹೊರಡುತ್ತದೆ. ಕಲೆಗಾರನ ಉಸಿರನ್ನು ಮಾರುಕಟ್ಟೆ ಎಷ್ಟು ಒಳಹೊಕ್ಕು ನುಂಗಬಲ್ಲದು ಎಂಬುದನ್ನು ಇದಕ್ಕಿಂತ ಚುರುಕಾಗಿ ತೋರಿಸಿದ ದೃಶ್ಯವನ್ನು ನಾನು ಕಂಡಿಲ್ಲ.

ಟೀಕೆಗಳಲ್ಲಿ ಕೆಲವು ಸರಿಯೇ. ಸ್ವಾನನ ಕಂಪನಿಗೆ ಮೊದಲು ಇಟ್ಟಿದ್ದ ಹೆಸರು ‘ಸ್ವಾನ್ ಸಾಂಗ್’. ಲೆಡ್ ಜೆಪಲಿನ್ ತಂಡವೂ 1974ರಲ್ಲೇ ಅದೇ ಹೆಸರಿನ ರೆಕಾರ್ಡ್ ಕಂಪನಿ ತೆರೆದಿತ್ತು. ತಕರಾರು ಬಂದು, ಚಿತ್ರೀಕರಣ ಮುಗಿದ ಮೇಲೆ ಆ ಹೆಸರನ್ನು ಮರೆಮಾಡಿ ‘ಡೆತ್ ರೆಕಾರ್ಡ್ಸ್’ ಎಂಬ ಗುರುತು ಅಂಟಿಸಬೇಕಾಯಿತು. ಆ ತೇಪೆಗಳು ಇಂದಿಗೂ ಕಣ್ಣಿಗೆ ಹೊಡೆಯುತ್ತವೆ. ಆದರೆ ನ್ಯೂಯಾರ್ಕಿನ ಪ್ರಮುಖ ವಿಮರ್ಶಕರಲ್ಲೇ ಒಮ್ಮತವಿರಲಿಲ್ಲ: ವಿನ್ಸೆಂಟ್ ಕ್ಯಾನ್ಬಿ ಹಳಿದರು, ಪಾಲಿನ್ ಕೇಲ್ ಮೆಚ್ಚಿ ಬರೆದರು. ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಇಷ್ಟಾದರೂ ಅಮೆರಿಕದ ಚಿತ್ರಮಂದಿರಗಳಲ್ಲಿ ಚಿತ್ರ ಸೋತಿತು.

ಗೆದ್ದಿದ್ದು ಕೆನಡಾದ ವಿನ್ನಿಪೆಗ್‌ನಲ್ಲಿ. 1974ರ ಕ್ರಿಸ್‌ಮಸ್ ರಜೆಯಲ್ಲಿ, ಕೊರೆಯುವ ಚಳಿಯ ಆ ಊರಿನ ಗ್ಯಾರಿಕ್ ಚಿತ್ರಮಂದಿರಕ್ಕೆ ಬಂದ ಚಿತ್ರ ತಿಂಗಳುಗಟ್ಟಲೆ ಓಡಿತು. ಮತ್ತೆ ಮತ್ತೆ ಬಂದು ನೋಡಿದವರಲ್ಲಿ ಹೆಚ್ಚಿನವರು ಹನ್ನೆರಡರ ಆಸುಪಾಸಿನ ಮಕ್ಕಳು. ಹಾಡುಗಳ ರೆಕಾರ್ಡ್ ಆ ಒಂದೇ ಊರಲ್ಲಿ ಸುಮಾರು 20,000 ಪ್ರತಿ ಮಾರಾಟವಾಯಿತು.

ಮಕ್ಕಳೇ ಯಾಕೆ? ಯಕ್ಷಗಾನದ ಬಣ್ಣದ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದಾಗ ಚಿಕ್ಕವರು ಅಮ್ಮನ ಸೆರಗಿನ ಮರೆ ಸೇರುತ್ತಾರೆ, ಆದರೆ ಕಣ್ಣು ಮಾತ್ರ ಕೀಳುವುದಿಲ್ಲ. ಭಯ, ಬೆರಗು, ನಗು ಅವರಿಗೆ ಬೇರೆ ಬೇರೆ ರಸಗಳಲ್ಲ. ಅದೂ ಅಲ್ಲದೆ, ಮಾಡಿದ ಕೆಲಸವನ್ನು ಇನ್ನೊಬ್ಬರು ಕಿತ್ತುಕೊಂಡಾಗ ಆಗುವ ಸಂಕಟವನ್ನು ಮಗುವಿಗೆ ವಿವರಿಸಬೇಕಾಗಿಲ್ಲ. ದೊಡ್ಡವರು ಇದು ಯಾವ ಜಾತಿಯ ಚಿತ್ರ ಎಂದು ತಡಕಾಡುತ್ತಿದ್ದಾಗ, ಆ ಮಕ್ಕಳು ವಿನ್ಸ್ಲೋನ ಪಕ್ಷ ಸೇರಿದ್ದರು ಎಂದೇ ನನ್ನ ನಂಬಿಕೆ. ಪ್ಯಾರಿಸ್ಸಿನಲ್ಲೂ ಚಿತ್ರಕ್ಕೆ ಭಕ್ತರು ಹುಟ್ಟಿದರು. ಮುಂದೆ ‘ಡಾಫ್ಟ್ ಪಂಕ್’ ಜೋಡಿಯಾದ ಇಬ್ಬರು ಗೆಳೆಯರು ಇದನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಒಟ್ಟಿಗೆ ನೋಡಿದ್ದರು. 2013ರ ತಮ್ಮ ಆಲ್ಬಮ್ಮಿಗೆ ಪಾಲ್ ವಿಲಿಯಮ್ಸರನ್ನೇ ಕರೆದು ಹಾಡಿಸಿದರು.

ಈ ಚಿತ್ರಕ್ಕೆ ಪ್ರೇಕ್ಷಕರ ಮೇಲೆ ನಂಬಿಕೆಯಿಲ್ಲ. ವೇದಿಕೆಯಲ್ಲಿ ಗಾಯಕ ಬೀಫ್ ವಿದ್ಯುತ್ತಿಗೆ ಸಿಕ್ಕು ಸುಟ್ಟುಹೋದರೆ ಜನ ಅದೂ ಆಟದ ಭಾಗವೆಂದು ಕೇಕೆ ಹಾಕುತ್ತಾರೆ. ಕೊನೆಯಲ್ಲಿ ವಿನ್ಸ್ಲೋ ಅವರ ಕಾಲಬುಡದಲ್ಲೇ ಪ್ರಾಣ ಬಿಡುತ್ತಾನೆ. ಸುತ್ತ ಕುಣಿಯುವವರಲ್ಲಿ ಯಾರಿಗೂ ಅವನು ಯಾರೆಂದು ಗೊತ್ತಿಲ್ಲ. ಗುಂಪೆಂದರೆ ಇಷ್ಟೇ ಎಂದು ಡಿ ಪಾಲ್ಮಾ ಷರಾ ಬರೆದಂತಿದೆ. ವಿನ್ನಿಪೆಗ್ ಆ ಷರಾವನ್ನು ಸುಳ್ಳು ಮಾಡಿತು. ಹಾಡು ಬರೆದ ಪಾಲ್ ವಿಲಿಯಮ್ಸ್ 1975ರಲ್ಲಿ ಅಲ್ಲಿಗೆ ಹೋಗಿ ಹಾಡಿದರು. ಮೂವತ್ತು ವರ್ಷ ಕಳೆದು, 2005 ಮತ್ತು 2006ರಲ್ಲಿ, ಬೆಳೆದು ದೊಡ್ಡವರಾದ ಅದೇ ಅಭಿಮಾನಿಗಳು ಉತ್ಸವ ಏರ್ಪಡಿಸಿ ಚಿತ್ರದ ಕಲಾವಿದರನ್ನು ತಮ್ಮೂರಿಗೆ ಕರೆಸಿಕೊಂಡರು. ಹಾಡನ್ನು ಮೆಚ್ಚಿದವರು ಹಾಡಿನ ಹಿಂದಿದ್ದ ಮನುಷ್ಯರನ್ನೂ ಹುಡುಕಿಕೊಂಡು ಹೋದರು. ಪ್ಯಾರಡೈಸಿನಲ್ಲಿ ನೆರೆದ ಅಷ್ಟು ಜನರಲ್ಲಿ ಒಬ್ಬರೂ ವಿನ್ಸ್ಲೋಗೆ ಮಾಡದೆ ಹೋದ ಕೆಲಸ ಅದು.