ಚಾರ್ಮಾಡಿ ಏರಿನಲ್ಲಿ ಉಸಿರುಗಟ್ಟಿದ ಕಾರು

ಧರ್ಮಸ್ಥಳಕ್ಕೆ ಹೋಗಿಬರಬೇಕೆಂಬುದು ನಮ್ಮ ಅತ್ತೆಯವರ ಬಹುದಿನದ ಹರಕೆ. ಮೊಣಕಾಲು ನೋವಿನಿಂದಾಗಿ ಬಸ್ಸು ಹತ್ತುವುದು ಅವರಿಗೆ ಆಗದ ಮಾತು. ನಾವು ಹಳೆಯದೊಂದು ಡೀಸೆಲ್ ಕಾರು ಕೊಂಡ ದಿನವೇ, "ಇನ್ನು ಮಂಜುನಾಥನ ದರ್ಶನಕ್ಕೆ ನೆವ ಹೇಳೋ ಹಾಗಿಲ್ಲ" ಎಂದು ಮಗನಿಗೆ ಹೇಳಿಬಿಟ್ಟರು. ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ನಸುಕಿಗೇ ಬೇಲೂರು ಬಿಟ್ಟೆವು. ನಮ್ಮವರು, ಅತ್ತೆ, ಇಬ್ಬರು ಮಕ್ಕಳು, ನಾನು. ಜೊತೆಗೆ ಒಂದು ಡಬ್ಬಿ ಪುಳಿಯೋಗರೆ, ಒಂದು ಡಬ್ಬಿ ಕೋಡುಬಳೆ.

ಹೊರಟಿದ್ದು ಸಂತೋಷದಿಂದಲೇ ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕಿತ್ತು. ಹದಿನೈದು ದಿನದ ಹಿಂದೆ ಕಾರು ಒಂದು ದಿಬ್ಬ ಹತ್ತಲಾರದೆ ಮುಗ್ಗರಿಸಿತ್ತು. ಪಟ್ಟಣದ ದೊಡ್ಡ ವರ್ಕ್‌ಶಾಪೊಂದಕ್ಕೆ ಒಯ್ದರೆ ಅವರು ಕಂಪ್ಯೂಟರ್ ಜೋಡಿಸಿ ನೋಡಿ, "ಟರ್ಬೊ ಹೋಗಿದೆ, ಹೊಸದೇ ಹಾಕಬೇಕು" ಎಂದು ಒಂದು ಚೀಟಿ ಕೊಟ್ಟರು. ಚೀಟಿಯಲ್ಲಿದ್ದ ಮೊತ್ತ ಮಗಳ ಹಾಸ್ಟೆಲ್ಲಿಗೆಂದು ನಾನು ಚೂರುಪಾರು ಕೂಡಿಟ್ಟ ಹಣಕ್ಕೆ ಸರಿಸಮವಾಗಿತ್ತು. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. "ಧರ್ಮಸ್ಥಳಕ್ಕೆ ಹೋಗಿ ಬಂದ ಮೇಲೆ ನೋಡೋಣ" ಎಂದರು ನಮ್ಮವರು. ಕಾಯಿಲೆಯ ಗಾಡಿಯನ್ನು ಘಟ್ಟಕ್ಕೆ ಇಳಿಸಿದ್ದು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮೂಡಿಗೆರೆ, ಬಣಕಲ್ ದಾಟಿ ಕೊಟ್ಟಿಗೆಹಾರ ಸೇರುವಾಗ ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಅಲ್ಲಿನ ನೀರುದೋಸೆ ತಿನ್ನದೆ ಘಟ್ಟ ಇಳಿದವರು ಕಡಿಮೆ; ನಾವೂ ತಿಂದೆವು. ನಮ್ಮ ಮಗ, "ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರೋದು ಇಲ್ಲೇ ಅಮ್ಮ" ಎಂದು ತೋರಿಸಿದ. ಅಲ್ಲಿಂದ ಮುಂದೆ ಚಾರ್ಮಾಡಿ ಘಾಟಿ. ಒಂದು ಕಡೆ ನೀರಿಳಿಯುವ ಕರಿಬಂಡೆ, ಇನ್ನೊಂದು ಕಡೆ ನೋಡಿದರೆ ತಲೆ ತಿರುಗುವ ಕಣಿವೆ. 2019ರ ಆಗಸ್ಟಿನ ಮಳೆಗೆ ಇದೇ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್ ಆಗಿದ್ದು ನೆನಪಾಗಿ ಅತ್ತೆ ಕಣ್ಣು ಮುಚ್ಚಿ ನಾಮಸ್ಮರಣೆ ಹಿಡಿದರು. ಇಳಿಜಾರಿನಲ್ಲಿ ಕಾರು ಏನೂ ತಕರಾರು ಮಾಡಲಿಲ್ಲ. ಉಜಿರೆ, ಆಮೇಲೆ ಧರ್ಮಸ್ಥಳ. ನೇತ್ರಾವತಿಯಲ್ಲಿ ಕಾಲು ತೊಳೆದು, ದರ್ಶನ ಮಾಡಿ, ಪ್ರಸಾದದ ಊಟ ಮುಗಿಸಿದಾಗ ಅತ್ತೆಯ ಮುಖದಲ್ಲಿದ್ದ ನೆಮ್ಮದಿ ನೋಡಿ ನನಗೂ ಕಣ್ಣು ತುಂಬಿತು.

ತಾಪತ್ರಯ ಶುರುವಾಗಿದ್ದು ವಾಪಸು ಬರುವಾಗ. ಚಾರ್ಮಾಡಿ ಊರು ದಾಟಿ ಏರು ಆರಂಭವಾಯಿತೋ ಇಲ್ಲವೋ, ಕಾರಿನ ಕಸುವೇ ಹೋಯಿತು. ಎರಡನೇ ಗೇರಿನಿಂದ ಒಂದನೇ ಗೇರಿಗೆ ಇಳಿಸಿದರೂ ಮುದುಕರು ಮೆಟ್ಟಿಲು ಹತ್ತುವ ಹಾಗೆ ಏದುಸಿರು. ಹಿಂದೆ ಕಪ್ಪು ಹೊಗೆ, ಮುಂದೆ ಹಳದಿ ದೀಪ. ಇಷ್ಟರ ನಡುವೆ ನನ್ನ ಕಿವಿಗೆ ಒಂದು ಸದ್ದು ಬಿತ್ತು. ನಮ್ಮವರು ಎಕ್ಸಲೇಟರ್ ಒತ್ತಿದಾಗಲೆಲ್ಲ "ಉಸ್ಸ್" ಎಂದು ಗಾಳಿ ಸೋರುವ ಸದ್ದು. ಕಾಲು ತೆಗೆದರೆ ಇಲ್ಲ. ಗ್ಯಾಸ್ಕೆಟ್ ಸವೆದ ಕುಕ್ಕರಿನ ಮುಚ್ಚಳದಿಂದ ಬರುತ್ತದಲ್ಲ, ಥೇಟ್ ಅದೇ. ಹೇಳಿದರೆ, "ಈಗ ನಿನ್ನ ಕುಕ್ಕರ್ ಪುರಾಣ ಬೇಡ" ಎಂದು ರೇಗಿದರು.

ಅಗಲವಾದ ಒಂದು ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆವು. ಹೊತ್ತು ಇಳಿಯುತ್ತಿತ್ತು, ಮಂಜು ಏಳುತ್ತಿತ್ತು. ಅತ್ತೆಗೆ ರಾತ್ರಿಯ ಮಾತ್ರೆ ಮನೆಯಲ್ಲೇ ಉಳಿದಿತ್ತು. ಸ್ವಲ್ಪ ಹೊತ್ತು ಇಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದಾಗ ತುಸು ಶಕ್ತಿ ಬಂತು. ಒಂದೆರಡು ತಿರುವು ಕಳೆದರೆ ಮತ್ತೆ ಅದೇ ಕಥೆ. ಹೀಗೆ ನಿಲ್ಲುತ್ತಾ ಏಳುತ್ತಾ ಕೊಟ್ಟಿಗೆಹಾರ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು.

ರಸ್ತೆ ಬದಿಯಲ್ಲೊಂದು ಸಣ್ಣ ಗ್ಯಾರೇಜು. ಬಾಗಿಲು ಹಾಕಲು ಹೊರಟಿದ್ದ ಮೇಸ್ತ್ರಿ ಅತ್ತೆಯನ್ನು ನೋಡಿ ನಿಂತರು. ಮೊದಲು ಬಾನೆಟ್ ಎತ್ತಲಿಲ್ಲ, ಪ್ರಶ್ನೆ ಕೇಳಿದರು. "ಸಪಾಟು ರಸ್ತೆಲಿ ಹೆಂಗೆ ಓಡ್ತದೆ? ಏರಲ್ಲಿ ಮಾತ್ರ ತೊಂದ್ರೆನಾ? ಹೊಗೆ ಕಪ್ಪೋ ನೀಲಿಯೋ? ಏನಾದ್ರೂ ಸದ್ದು?"

ನಾನು ಧೈರ್ಯ ಮಾಡಿ ಕುಕ್ಕರಿನ ಸದ್ದು ಹೇಳಿದೆ. ಅವರು ನಗಲಿಲ್ಲ. "ಅಕ್ಕ ಹೇಳಿದ್ದು ನೆಪ್ಪಿರ್ಲಿ" ಎಂದು ಅಂಗೈಯಗಲದ ಒಂದು ಸ್ಕ್ಯಾನರ್ ಜೋಡಿಸಿದರು. ಅದರಲ್ಲಿ ಬಂದದ್ದು ಪಿ 0299 ಎಂಬ ಸಂಖ್ಯೆ. "ಇದೇ ನಂಬರನ್ನ ಅವರೂ ತೋರಿಸಿದ್ರು" ಎಂದರು ನಮ್ಮವರು. ಅದಕ್ಕೆ ಮೇಸ್ತ್ರಿ ಕೊಟ್ಟ ಉತ್ತರವನ್ನು ನಾನು ಮರೆಯಲಾರೆ: "ಒತ್ತಡ ಸಾಲದು ಅಂತಷ್ಟೇ ಸಾರ್ ಇದರ ಅರ್ಥ. ಟರ್ಬೊ ಹಾಳಾಗಿದೆ ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ. ಥರ್ಮಾಮೀಟರು ಜ್ವರ ಅಂತ ಹೇಳ್ತದೆ, ಯಾವ ಜ್ವರ ಅಂತ ಹೇಳ್ತದಾ?"

ಈ ಟರ್ಬೊ ಎಂದರೇನೆಂದು ನನಗೂ ಅಂದೇ ತಿಳಿದದ್ದು. ಇಂಜಿನ್ ಹೊರಬಿಡುವ ಬಿಸಿ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ. ಜೋರಾಗಿ ಓಡುವಾಗ ನಿಮಿಷಕ್ಕೆ ಲಕ್ಷ ಸುತ್ತು ಮೀರುವುದೂ ಉಂಟು. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಒಲೆಗೆ ತಿದಿ ಒತ್ತಿದ ಹಾಗೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ ಎಂಬ ಇಂಜಿನಿಯರು 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರಂತೆ. ಕಾರಿನ ಟೈರಿಗೆ 30 ಪೌಂಡು ಗಾಳಿ ತುಂಬಿಸುತ್ತೇವಲ್ಲ, ಏರಿನಲ್ಲಿ ಟರ್ಬೊ ಕೊಡುವ ಒತ್ತಡ ಅದರ ಅರ್ಧದಷ್ಟೋ ಇನ್ನೂ ಸ್ವಲ್ಪ ಹೆಚ್ಚೋ ಇರುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ತಣಿಸಿ ಒಳಗೆ ಕಳಿಸುತ್ತಾರೆ. ಇವೆಲ್ಲವನ್ನೂ ಸೇರಿಸುವುದು ದಪ್ಪ ರಬ್ಬರ್ ಪೈಪುಗಳು. ಪೈಪು ಸೋರಿದರೆ ಟರ್ಬೊ ಎಷ್ಟು ದುಡಿದರೂ ಗಾಳಿ ಬೀದಿಪಾಲು. ಆಗ ಕಾರಿನ ಕಂಪ್ಯೂಟರು ಇಂಜಿನ್ನಿಗೆ ಅಪಾಯವಾಗದಿರಲೆಂದು ಶಕ್ತಿಯನ್ನೇ ಕಡಿಮೆ ಮಾಡಿಬಿಡುತ್ತದೆ. ಆರಿಸಿ ಹಚ್ಚಿದಾಗ ಸ್ವಲ್ಪ ಹೊತ್ತು ಸರಿಹೋಗುತ್ತಿದ್ದುದು ಅದಕ್ಕೇ.

ಇಂಜಿನ್ ತಣಿದ ಮೇಲೆ ಮೇಸ್ತ್ರಿ ಸುಲಭದ್ದರಿಂದ ಶುರು ಮಾಡಿದರು. ಏರ್ ಫಿಲ್ಟರ್ ತೆಗೆದು ನೋಡಿದರು, ಧೂಳಿದ್ದರೂ ಕಟ್ಟಿರಲಿಲ್ಲ. ಬೆರಳಿನಷ್ಟೂ ದಪ್ಪವಿಲ್ಲದ ವ್ಯಾಕ್ಯೂಮ್ ಪೈಪನ್ನು ಉದ್ದಕ್ಕೂ ಸವರಿದರು. ಮಗನಿಂದ ಇಂಜಿನ್ ಚಾಲೂ ಮಾಡಿಸಿ, ಟರ್ಬೊ ಪಕ್ಕದ ಸಣ್ಣ ಕಡ್ಡಿ ಎಳೆದುಕೊಳ್ಳುವುದನ್ನು ನಮ್ಮವರಿಗೆ ತೋರಿಸಿದರು. ಅದೂ ಸರಿ ಇತ್ತು. ಮತ್ತೆ ಆರಿಸಿ, ದಪ್ಪ ಪೈಪುಗಳ ಅಡಿಗೆ ಬಟ್ಟೆ ಹಾಕಿ ಒರೆಸಿದರು. ಒಂದು ಕಡೆ ಬಟ್ಟೆಗೆ ಎಣ್ಣೆಯ ಕರಿ ಹತ್ತಿತು. ಪೈಪನ್ನು ಅಲ್ಲಿ ಬಗ್ಗಿಸಿದರೆ, ಕ್ಲ್ಯಾಂಪಿನ ಪಕ್ಕದಲ್ಲೇ ಒಂದು ಸೀಳು ಮೀನಿನ ಬಾಯಿಯಂತೆ ತೆರೆಯಿತು!

"ನಿಂತಾಗ ಒತ್ತಡ ಇರಲ್ಲ, ಬಾಯಿ ಮುಚ್ಕಂಡಿರ್ತದೆ. ಏರಲ್ಲಿ ಒತ್ತಡ ಬಂದಾಗ ಬಾಯಿ ಬಿಡ್ತದೆ. ವರ್ಕ್‌ಶಾಪಲ್ಲಿ ನಿಲ್ಲಿಸ್ಕಂಡು ನೋಡಿದ್ರೆ ಎಲ್ಲಿ ಕಾಣ್ತದೆ?" ಎಂದರು.

ಸೀಳು ತುದಿಯಲ್ಲೇ ಇದ್ದದ್ದು ನಮ್ಮ ಪುಣ್ಯ. ಆ ಭಾಗ ಕತ್ತರಿಸಿ, ಉಳಿದದ್ದನ್ನು ಎಳೆದು ಹೊಸ ಕ್ಲ್ಯಾಂಪ್ ಬಿಗಿದರು. ಸೋಪಿನ ನೀರು ಸವರಿ, ಎಕ್ಸಲೇಟರ್ ಒತ್ತಿಸಿ, ಗುಳ್ಳೆ ಬರುತ್ತದೆಯೇ ಎಂದು ಪರೀಕ್ಷೆ ಮಾಡಿದರು. ಗ್ಯಾಸ್ ಸಿಲಿಂಡರ್ ಬದಲಾಯಿಸಿದಾಗ ನಾವು ಮಾಡುವುದೂ ಅದನ್ನೇ ಅಲ್ಲವೇ? ಒಂದು ಗುಳ್ಳೆಯೂ ಬರಲಿಲ್ಲ. ಅವರು ಕೇಳಿದ್ದು ಮುನ್ನೂರು ರೂಪಾಯಿ. "ಇದು ತಾತ್ಕಾಲಿಕ ಸಾರ್, ಊರಿಗೆ ಹೋಗಿ ಹೊಸ ಪೈಪ್ ಹಾಕ್ಸಿ" ಎಂದು ಹೇಳುವುದನ್ನೂ ಮರೆಯಲಿಲ್ಲ. ನಾನು ಕೋಡುಬಳೆಯ ಡಬ್ಬಿಯನ್ನು ಹಾಗೇ ಅವರ ಕೈಗಿಟ್ಟೆ.

ಮುಂದಿನ ವಾರ ಹೊಸ ಪೈಪು ಬಂತು. ಟರ್ಬೊ ಹಳೆಯದೇ ಇದೆ, ದಿಬ್ಬ ಹತ್ತುತ್ತಿದೆ. ಮಗಳ ಹಾಸ್ಟೆಲಿನ ಹಣ ಹಾಸ್ಟೆಲಿಗೇ ಹೋಯಿತು.

ಸೋದರಿಯರೇ, ನಿಮ್ಮ ಮನೆಯ ಕಾರಿಗೂ "ಟರ್ಬೊ ಹೋಗಿದೆ" ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ. ಏರ್ ಫಿಲ್ಟರು, ದಪ್ಪ ಪೈಪುಗಳು, ಕ್ಲ್ಯಾಂಪು, ವ್ಯಾಕ್ಯೂಮ್ ಪೈಪು, ಒತ್ತಡ ಅಳೆಯುವ ಸೆನ್ಸರು, ಇಷ್ಟನ್ನೂ ನೋಡಿದಿರಾ ಎಂದು ಕೇಳಿಸಿ. ಏರು ರಸ್ತೆಯಲ್ಲಿ ಓಡಿಸುತ್ತಲೇ ಸ್ಕ್ಯಾನರಿನಲ್ಲಿ ಇಂಜಿನ್ ಕೇಳಿದ ಒತ್ತಡ ಎಷ್ಟು, ಸಿಕ್ಕಿದ್ದು ಎಷ್ಟು ಎಂದು ತೋರಿಸಲು ಹೇಳಿ. ಆದರೆ ನೀಲಿ ಹೊಗೆ ಬಂದರೆ, ಇಂಜಿನ್ ಆಯಿಲ್ ಬೇಗ ಬೇಗ ಇಳಿದರೆ, ಸೈರನ್ ಊದಿದ ಹಾಗೆ ಕೂಗು ಕೇಳಿದರೆ ಟರ್ಬೊ ನಿಜವಾಗಿಯೂ ಕೆಟ್ಟಿರಬಹುದು, ಆಗ ತಡಮಾಡಬಾರದು. ಆಯಿಲನ್ನು ಸಮಯಕ್ಕೆ ಸರಿಯಾಗಿ ಬದಲಾಯಿಸಿ. ಘಟ್ಟ ಹತ್ತಿ ಬಂದ ಕೂಡಲೇ ಇಂಜಿನ್ ಆರಿಸದೆ ಒಂದೆರಡು ನಿಮಿಷ ಹಾಗೇ ಬಿಡಿ. ಕಾದ ಟರ್ಬೊ ತಣಿಯಲಿ.

ಈಗ ನಮ್ಮವರು ಕಾರಿನಲ್ಲಿ ಏನೇ ಸದ್ದಾದರೂ ಮೊದಲು ನನ್ನ ಕಡೆ ತಿರುಗಿ, "ಏನೇ ಅದು?" ಎಂದು ಕೇಳುತ್ತಾರೆ. ಅತ್ತೆ ಮಾತ್ರ ಅದೆಲ್ಲ ಮಂಜುನಾಥನ ಕೃಪೆ ಎನ್ನುತ್ತಾರೆ. ನಾನೂ ಇಲ್ಲ ಎನ್ನುವುದಿಲ್ಲ.